ಬೀಡಿಂಗ್ ಕೂರಿಸುವ ಕೈ

ಹಳೇ ಫಿಯಟ್ ಒಂದನ್ನು ಸರಿ ಮಾಡಿಸೋಕೆ ಹೊರಟ ಮೇಲೆ ಒಂದು ಮಾತು ನನ್ನ ತಲೆಯಲ್ಲೇ ಕೂತಿದೆ. ಬೆಂಗಳೂರಿನಲ್ಲಿ ಹಳೇ ಕಾರುಗಳ ಕೆಲಸ ಮಾಡುವ ಒಬ್ಬರಿಗೆ ಫೋನ್ ಮಾಡಿದ್ದೆ. ಇಂಜಿನ್ ಕೆಲಸ ಆಗಿದೆ, ಟಿಂಕರಿಂಗ್, ಪೇಂಟ್ ಎಲ್ಲ ಆಗಿದೆ, ಮುಂದಿನ ಗ್ಲಾಸು ಮತ್ತು ಅದರ ಸುತ್ತ ಬರುವ ಹೊಳೆಯುವ ಸ್ಟೀಲ್ ಪಟ್ಟಿ, ಅಂದರೆ ಬೀಡಿಂಗ್, ಮಾತ್ರ ಬಾಕಿ ಅಂತ ಹೇಳಿದೆ. ಅವರು ಯೋಚನೆ ಕೂಡ ಮಾಡದೆ ಅಂದರು: "ದಾವಣಗೆರೆಯಲ್ಲಿ ಅದನ್ನ ಯಾರೂ ಮಾಡಲ್ಲ ಸರ್. ಆ ಕೆಲಸ ಗೊತ್ತಿರೋರೇ ಈಗ ಇಲ್ಲ. ಗಾಡಿನ ಲಾರಿ ಮೇಲೆ ಹಾಕಿ ಕಳಿಸಿ." ಅವರು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ನಾನೂ ಹಾಗೇ ಅಂದುಕೊಂಡಿದ್ದೆ. ಐವತ್ತು ವರ್ಷ ದಾಟಿದ ಗಾಡಿಯ ಕೆಲಸ ಗೊತ್ತಿರುವವರು ದೊಡ್ಡ ಊರಲ್ಲಿ, ದುಡ್ಡು ಇರುವ ಕಡೆ, ಹಳೇ ಗಾಡಿಗಳ ಮೇಲೆ ಪ್ರೀತಿ ಇರುವ ಜನರ ಹತ್ತಿರ ಮಾತ್ರ ಸಿಗುತ್ತಾರೆ ಅನ್ನುವ ನಂಬಿಕೆ ನಮ್ಮೆಲ್ಲರಿಗೂ ಇದೆ, ಅಲ್ವಾ?

ಆ ಕೆಲಸ ಕೊನೆಗೆ ಆಗಿದ್ದು ದಾವಣಗೆರೆಯಲ್ಲೇ, ಪಿ.ಬಿ. ರಸ್ತೆ ಕಡೆಯ ಒಂದು ಲಾರಿ ಗ್ಯಾರೇಜಿನಲ್ಲಿ. ಮೆಕ್ಕೆಜೋಳದ ಲೋಡ್ ಇಳಿಸಿ ಬಂದ ಲಾರಿಗಳ ಮಧ್ಯೆ ನಮ್ಮ ಫಿಯಟ್ ನಿಂತಿತ್ತು. ಆವತ್ತಿನಿಂದ ಈ ವಿಷಯ ಬರೆಯಬೇಕು ಅಂತ ಅನ್ನಿಸುತ್ತಲೇ ಇದೆ.

ದೊಡ್ಡಮ್ಮ ಕೂರುತ್ತಿದ್ದ ಕಡೆ

ಗಾಡಿ ನಮ್ಮ ದೊಡ್ಡಪ್ಪನದು. ಫಿಯಟ್ 1100 ಡಿಲೈಟ್, ಕುರ್ಲಾದಲ್ಲಿ ಪ್ರೀಮಿಯರ್‌ನವರು ಮಾಡಿದ್ದು. ಇದೇ ಗಾಡಿ ಮುಂದೆ ಪ್ರೆಸಿಡೆಂಟ್ ಆಗಿ, 1974ರಲ್ಲಿ ಪದ್ಮಿನಿ ಅನ್ನೋ ಹೆಸರು ಪಡೆಯಿತು. 1089 ಸಿಸಿ ಇಂಜಿನ್, ಸ್ಟೇರಿಂಗ್ ಪಕ್ಕದಲ್ಲೇ ಗೇರು, ಮುಂದೆ ಉದ್ದಕ್ಕೆ ಒಂದೇ ಸೀಟು. ದೊಡ್ಡಪ್ಪ ಹತ್ತಿ ವ್ಯಾಪಾರದವರು. ಹರಿಹರ, ಹರಪನಹಳ್ಳಿ, ಚಿತ್ರದುರ್ಗ, ಎಲ್ಲ ಕಡೆ ಇದೇ ಗಾಡಿಯಲ್ಲಿ ಓಡಾಡಿದವರು. ನಮ್ಮ ಮನೆಯ ಮಕ್ಕಳೆಲ್ಲ ಅದರ ಹಿಂದಿನ ಸೀಟಿನಲ್ಲಿ ಒಬ್ಬರ ಮೇಲೊಬ್ಬರು ಕೂತೇ ಬೆಳೆದಿದ್ದು.

ನನಗೆ ಈ ಗಾಡಿಯಲ್ಲಿ ಮೊದಲು ನೆನಪಾಗುವುದು ಮಳೆ. ಮುಂದಿನ ಗ್ಲಾಸಿನ ಎಡಗಡೆ ಕೆಳಗಿನ ಮೂಲೆಯಿಂದ ನೀರು ಒಳಗೆ ಬರುತ್ತಿತ್ತು. ಆ ಕಡೆ ಕೂರುತ್ತಿದ್ದವರು ದೊಡ್ಡಮ್ಮ. ಮಳೆಗಾಲ ಶುರುವಾಗುವ ಹೊತ್ತಿಗೆ ಒಂದು ಹಳೇ ಪಂಚೆ ತುಂಡನ್ನು ಮಡಚಿ ಡ್ಯಾಶ್‌ಬೋರ್ಡಿನ ಮೂಲೆಯಲ್ಲಿ ಇಡುತ್ತಿದ್ದರು. ಒದ್ದೆಯಾದಾಗ ಕಿಟಕಿಯಿಂದ ಕೈ ಹೊರಗೆ ಹಾಕಿ ಹಿಂಡಿ, ಮತ್ತೆ ಮಡಚಿ ಇಡುವುದು. ಒಮ್ಮೆ ಚಿತ್ರದುರ್ಗದಿಂದ ವಾಪಸ್ ಬರುವಾಗ ಜೋರು ಮಳೆ. ರಸ್ತೆ ಕಾಣುತ್ತಿಲ್ಲ. ದೊಡ್ಡಪ್ಪ ಮುಂದಕ್ಕೆ ಬಾಗಿ ಗ್ಲಾಸಿಗೆ ಮೂಗು ತಾಗುವ ಹಾಗೆ ಕೂತು ಓಡಿಸುತ್ತಿದ್ದಾರೆ. ದೊಡ್ಡಮ್ಮ ಪಂಚೆ ಹಿಂಡುತ್ತಾ, ಹಿಂಡುತ್ತಾ, "ಊರಿಗೆ ಹೋದ ಮೇಲೆ ಇದನ್ನ ಸರಿ ಮಾಡಿಸ್ರಿ" ಅಂತ ಹೇಳುತ್ತಲೇ ಇದ್ದರು. ದೊಡ್ಡಪ್ಪ, "ರಬ್ಬರು ಹಾಳಾಗೈತೆ, ಹಾಕಿಸೋಣ" ಅಂದರು. ಊರು ಮುಟ್ಟಿದ ಮೇಲೆ ಯಾರೋ ಒಂದಿಷ್ಟು ಸಿಲಿಕಾನ್ ಮೆತ್ತಿ ಕಳಿಸಿದರು. ಮುಂದಿನ ವರ್ಷ ಮತ್ತೆ ಅದೇ ಪಂಚೆ.

ಆ ಮೂಲೆಯಲ್ಲಿ ಇನ್ನೊಂದು ಕೊರತೆ ಇತ್ತು. ಗ್ಲಾಸಿನ ಸುತ್ತ ಹೊಳೆಯುವ ಸ್ಟೀಲ್ ಪಟ್ಟಿ ಇರುತ್ತದಲ್ಲ, ಅದು ಎಡಗಡೆ ಕೆಳಗೆ ಒಂದು ಗೇಣಿನಷ್ಟು ಎದ್ದು ನಿಂತಿತ್ತು. ಯಾವಾಗಲೋ ಗ್ಲಾಸು ತೆಗೆಯುವಾಗ ಯಾರೋ ಸ್ಕ್ರೂ ಡ್ರೈವರ್ ಹಾಕಿ ಮೀಟಿದ್ದಾರೆ, ಪಟ್ಟಿ ಬಾಗಿದೆ, ಮತ್ತೆ ಕೂತಿಲ್ಲ. ಮಕ್ಕಳಾಗಿದ್ದಾಗ ನಾವು ಅದನ್ನು ಬೆರಳಿನಿಂದ ಟಿಣ್ ಅಂತ ಮೀಟಿ ಆಡುತ್ತಿದ್ದೆವು. ನೀರು ಬರುವುದಕ್ಕೂ ಆ ಎದ್ದ ಪಟ್ಟಿಗೂ ಸಂಬಂಧ ಇದೆ ಅಂತ ಮನೆಯಲ್ಲಿ ಯಾರೂ ಯೋಚನೆ ಮಾಡಿದ್ದಿಲ್ಲ. ಬೀಡಿಂಗ್ ಅಂದರೆ ಚಂದಕ್ಕೆ ಹಾಕಿದ್ದು ಅಂತಲೇ ಎಲ್ಲರ ಲೆಕ್ಕ.

ಚಂದಕ್ಕೆ ಮಾತ್ರ ಅಂದುಕೊಂಡ ಪಟ್ಟಿ

ಈಗಿನ ಕಾರುಗಳಲ್ಲಿ ಮುಂದಿನ ಗ್ಲಾಸನ್ನು ಪಾಲಿಯುರೆಥೇನ್ ಅಂಟಿನಿಂದ ಬಾಡಿಗೇ ಅಂಟಿಸಿಬಿಡುತ್ತಾರೆ. ಗ್ಲಾಸು ಬಾಡಿಯ ಒಂದು ಭಾಗವೇ ಆಗಿ ಅದರ ಗಟ್ಟಿತನಕ್ಕೂ ಸೇರುತ್ತದೆ. ಹಳೇ ಗಾಡಿಗಳಲ್ಲಿ ಹಾಗಿಲ್ಲ. ಅಲ್ಲಿ ಎಲ್ಲ ರಬ್ಬರಿನ ಮೇಲೆ ನಿಂತಿದೆ. ರಬ್ಬರಿಗೆ ಒಂದು ಕಡೆ ಗ್ಲಾಸಿನ ಅಂಚು ಕೂರುವ ಕಾಲುವೆ, ಇನ್ನೊಂದು ಕಡೆ ಬಾಡಿಯ ತಗಡಿನ ಅಂಚು ಕೂರುವ ಕಾಲುವೆ. ಹೊರಗಿನ ಮುಖದಲ್ಲಿ ಮೂರನೆಯದೊಂದು ಸಣ್ಣ ಸೀಳು. ಬೀಡಿಂಗ್ ಕೂರುವುದು ಆ ಮೂರನೇ ಸೀಳಿನಲ್ಲಿ.

ಪಟ್ಟಿಯ ಹಿಂಭಾಗ ಆ ಸೀಳಿನೊಳಗೆ ಹೊಕ್ಕಾಗ ರಬ್ಬರಿನ ಎರಡು ತುಟಿಗಳೂ ಅಗಲವಾಗುತ್ತವೆ. ಒಂದು ತುಟಿ ಗ್ಲಾಸಿನ ಮೇಲೆ ಒತ್ತುತ್ತದೆ, ಇನ್ನೊಂದು ಬಾಡಿಯ ಮೇಲೆ. ಗ್ಲಾಸನ್ನು ಹಿಡಿದಿರುವುದು ರಬ್ಬರು, ಆ ರಬ್ಬರನ್ನು ಬಿಗಿ ಮಾಡುವುದು ಬೀಡಿಂಗ್. ಪಟ್ಟಿ ಎದ್ದ ಕಡೆ ಆ ಒತ್ತಡ ಹೋಗುತ್ತದೆ. ತುಟಿ ಸಡಿಲ ಆಗುತ್ತದೆ. ನೀರು ಕೆಳಗೆ ಇಳಿದು ಕೆಳಮೂಲೆಯಲ್ಲೇ ನಿಲ್ಲುತ್ತದೆ, ಯಾಕೆಂದರೆ ಗ್ಲಾಸಿನ ಮೇಲೆ ಬಿದ್ದ ನೀರೆಲ್ಲ ಕೊನೆಗೆ ಬಂದು ಸೇರುವುದು ಅಲ್ಲಿಗೇ. ನಿಂತ ನೀರು ತಗಡಿನ ಅಂಚನ್ನು ತಿನ್ನುತ್ತದೆ. ತಗಡು ತುಕ್ಕು ಹಿಡಿದು ಉಬ್ಬಿದರೆ ರಬ್ಬರು ಇನ್ನಷ್ಟು ಮೇಲೆ ಏಳುತ್ತದೆ, ಇನ್ನಷ್ಟು ನೀರು. ದೊಡ್ಡಮ್ಮನ ಪಂಚೆಗೆ ಕಾರಣ ಇದು. ಹಳೇ ರಬ್ಬರನ್ನು ಬ್ಲೇಡಿನಿಂದ ಕೊಯ್ದು ಗ್ಲಾಸು ತೆಗೆದಾಗ ಆ ಮೂಲೆಯಲ್ಲಿ ತಗಡಿನ ಅಂಚೇ ಉಳಿದಿರಲಿಲ್ಲ. ಕೆಂಪು ಪುಡಿ ಕೈಗೆ ಬಂತು. ಅದರ ಮೇಲೆ ವರ್ಷ ವರ್ಷವೂ ಮೆತ್ತಿದ ಸಿಲಿಕಾನ್ ಪದರ ಪದರವಾಗಿ ಕೂತಿತ್ತು. ಹಚ್ಚುವಾಗ ಹುಳಿ ವಾಸನೆ ಬರುವ ಸಿಲಿಕಾನ್ ಇದೆಯಲ್ಲ, ಅದು ಒಣಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ. ಬಣ್ಣ ಕಿತ್ತುಹೋದ ಬರೀ ತಗಡಿಗೆ ಅದು ಒಳ್ಳೆಯದಲ್ಲ. ನೀರು ತಡೆಯಲು ಹಚ್ಚಿದ್ದೇ ತುಕ್ಕಿಗೆ ದಾರಿ ಮಾಡಿಕೊಟ್ಟಿತ್ತು. ಇಂಥ ಕಡೆ ಗಟ್ಟಿಯಾಗದ, ಮೆತ್ತಗೇ ಉಳಿಯುವ ಬ್ಯುಟೈಲ್ ಥರದ ಸೀಲಂಟ್ ಬಳಸಬೇಕು.

ಟಿಂಕರಿಂಗ್‌ನವರು ಮೊದಲು ಆ ಜಾಗದಲ್ಲಿ ಹಳೇ ತಗಡಿನ ಮೇಲೇ ಇನ್ನೊಂದು ತಗಡು ಇಟ್ಟು ವೆಲ್ಡ್ ಮಾಡಿದ್ದರು. ಮೇಲಿಂದ ನೋಡಿದರೆ ಚೆನ್ನಾಗೇ ಇತ್ತು. ಆದರೆ ಆ ಅಂಚು ಎರಡು ಪಟ್ಟು ದಪ್ಪ ಆಗಿತ್ತು, ಮೇಲೆ ಪುಟ್ಟಿ ಬೇರೆ. ರಬ್ಬರಿನ ಕಾಲುವೆ ಒಂದು ತಗಡಿನ ದಪ್ಪಕ್ಕೆ ಅಂತ ಮಾಡಿದ್ದು. ದಪ್ಪ ಅಂಚಿನ ಮೇಲೆ ಅದನ್ನು ತುರುಕಿದರೆ ಬೀಡಿಂಗಿನ ಸೀಳು ಮುಚ್ಚಿಕೊಳ್ಳುತ್ತದೆ, ಪಟ್ಟಿ ಅಲ್ಲಿ ಕೂರುವುದೇ ಇಲ್ಲ. ಕೆಟ್ಟ ಭಾಗ ಕತ್ತರಿಸಿ ತೆಗೆದು, ಅದೇ ದಪ್ಪದ ತಗಡನ್ನು ಅಂಚಿಗೆ ಅಂಚು ಕೂಡಿಸಿ ವೆಲ್ಡ್ ಮಾಡಿ, ಸಾಣೆ ಹಿಡಿದು ಮಟ್ಟ ಮಾಡಬೇಕು. ಮತ್ತೆ ಬಿಚ್ಚಿ ಹಾಗೇ ಮಾಡಿಸಿದೆ. ಪೇಂಟ್ ಆಗುವ ಮುಂಚೆ ಗ್ಲಾಸನ್ನು ರಬ್ಬರಿಲ್ಲದೆ ಬರಿದೇ ಆ ಕಿಂಡಿಗೆ ಹಿಡಿದು ನಾಲ್ಕೂ ಕಡೆ ಸಂದು ಒಂದೇ ಸಮ ಇದೆಯಾ ಅಂತ ನೋಡಿಬಿಟ್ಟರೆ ಆಮೇಲಿನ ಎಷ್ಟೋ ತಲೆನೋವು ತಪ್ಪುತ್ತದೆ. ಹಳೇ ಗಾಡಿ ಮಾಡಿಸುವವರು ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಇದನ್ನೇ.

ಹೊಸ ಪ್ಲಾಸ್ಟಿಕ್, ಹಳೇ ಸ್ಟೀಲ್

ಅಂಗಡಿಯಲ್ಲಿ ಬೀಡಿಂಗ್ ಕೇಳಿದರೆ ಈಗ ಸಿಗುವುದು ಬೆಳ್ಳಿ ಬಣ್ಣದ ಪದರ ಹೊದಿಸಿದ ಪ್ಲಾಸ್ಟಿಕ್ ಪಟ್ಟಿ. ಸುರುಳಿ ಸುತ್ತಿ ಕೊಡುತ್ತಾರೆ. ಅಗ್ಗ, ಬಾಗುತ್ತದೆ, ಕೂರಿಸುವುದು ಸುಲಭ. ನಾಲ್ಕು ಬೇಸಿಗೆ ಕಂಡ ಮೇಲೆ ಮೇಲಿನ ಪದರ ಏಳುತ್ತದೆ. ಅದು ತಪ್ಪು ಅಂತ ಹೇಳಲಾರೆ, ದಿನಾ ಓಡಿಸುವ ಗಾಡಿಗೆ ಅಷ್ಟು ಸಾಕು. ಆದರೆ ನಮ್ಮ ಹತ್ತಿರ ಹಳೇ ಸ್ಟೀಲ್ ಪಟ್ಟಿ ಇತ್ತು. ಎಡಭಾಗ, ಬಲಭಾಗ ಅಂತ ಎರಡು ತುಂಡು, ನಡುವೆ ಸೇರುವ ಕಡೆ ಮುಚ್ಚುವ ಸಣ್ಣ ಕ್ಲಿಪ್ಪು. ಡೆಂಟು ಬಿದ್ದಿತ್ತು, ಮಂಕಾಗಿತ್ತು, ಒಂದು ಮೂಲೆ ಬಾಗಿತ್ತು. ಅದನ್ನು ಬಿಸಾಡಿ ಪ್ಲಾಸ್ಟಿಕ್ ಹಾಕಲು ನನಗೆ ಮನಸ್ಸಾಗಲಿಲ್ಲ.

ಸ್ಟೇನ್‌ಲೆಸ್ ಸ್ಟೀಲಿನ ಒಂದು ದೊಡ್ಡ ಗುಣ ಅಂದರೆ ಅದು ಮೇಲಿಂದ ಒಳಗಿನವರೆಗೂ ಒಂದೇ ಲೋಹ. ಕ್ರೋಮ್ ಮಾಡಿದ ಬಂಪರಿನಲ್ಲಿ ತಾಮ್ರ, ನಿಕ್ಕಲ್ ಎಲ್ಲ ಆದ ಮೇಲೆ ಬರುವ ಕ್ರೋಮಿನ ಪದರ ಒಂದು ಮೈಕ್ರಾನಿಗಿಂತ ತೆಳು. ಅದನ್ನು ಉಜ್ಜಿದರೆ ಮುಗಿಯಿತು, ಮತ್ತೆ ಪ್ಲೇಟಿಂಗೇ ಗತಿ. ಅನೋಡೈಸ್ ಮಾಡಿದ ಅಲ್ಯುಮಿನಿಯಂ ಪಟ್ಟಿಯದ್ದೂ ಸರಿಸುಮಾರು ಅದೇ ಕಥೆ. ಮೇಲಿನ ಗಟ್ಟಿ ಪದರ ತೆಗೆದು, ಪಾಲಿಶ್ ಮಾಡಿ, ಮತ್ತೆ ಅನೋಡೈಸ್ ಮಾಡಿಸಬೇಕು. ಸ್ಟೀಲನ್ನು ಹಾಗಲ್ಲ, ಅರ ಹಾಕಿ ಉಜ್ಜಬಹುದು. ಹಾಗಾಗಿ ಪಟ್ಟಿ ಯಾವ ಲೋಹದ್ದು ಅಂತ ಮೊದಲು ತಿಳಿದುಕೊಂಡೇ ಕೆಲಸ ಶುರು ಮಾಡಬೇಕು.

ಈ ಕೆಲಸ ಮಾಡಿದವರು ಹರಿಹರದ ಒಬ್ಬ ಹಿರಿಯರು. ಮೈಸೂರು ಕಿರ್ಲೋಸ್ಕರ್‌ನಲ್ಲಿ ಫಿಟ್ಟರ್ ಆಗಿದ್ದವರು. 1941ರಲ್ಲಿ ಶುರುವಾದ ಆ ಕಾರ್ಖಾನೆಯ ಲೇತ್‌ಗಳು ದೇಶದ ಎಲ್ಲ ಕಡೆ ಹೋಗಿದ್ದವು. ಕಾರ್ಖಾನೆ ಮುಚ್ಚಿತು, ಅಲ್ಲಿ ಕಲಿತವರು ಊರಲ್ಲಿ ಉಳಿದರು. ಇವರು ಈಗ ಮನೆ ಪಕ್ಕದ ಶೆಡ್ಡಿನಲ್ಲಿ ಸಣ್ಣಪುಟ್ಟ ಕೆಲಸ ಮಾಡುತ್ತಾರೆ. ಪಟ್ಟಿ ನೋಡಿದವರೇ ಮೊದಲು ಒಂದು ಮರದ ತುಂಡು ತೆಗೆದುಕೊಂಡು ಪಟ್ಟಿಯ ಒಳಗಿನ ಆಕಾರಕ್ಕೆ ಸರಿಯಾಗಿ ಕೆತ್ತಿದರು. ಡೆಂಟಿನ ಹಿಂದಿನಿಂದ ಸಣ್ಣ ಸುತ್ತಿಗೆಯಲ್ಲಿ ತಟ್ಟುವುದು, ಬೆರಳು ಆಡಿಸಿ ನೋಡುವುದು, ಮತ್ತೆ ತಟ್ಟುವುದು. ಒಂದೇ ಜಾಗದಲ್ಲಿ ಜಾಸ್ತಿ ತಟ್ಟಬಾರದು ಅಂದರು, ಸ್ಟೇನ್‌ಲೆಸ್ ತಟ್ಟಿದಷ್ಟೂ ಬಿರುಸಾಗುತ್ತದೆ, ಆಮೇಲೆ ಮಾತು ಕೇಳುವುದಿಲ್ಲ. ಎದ್ದು ನಿಂತ ಕಡೆ ನಯವಾದ ಅರ, ಆಮೇಲೆ ನೀರು ಹಾಕಿ ವಾಟರ್ ಪೇಪರ್, ಒರಟಿನಿಂದ ನಯಕ್ಕೆ. ಕೊನೆಗೆ ಬಫಿಂಗ್. ಬಫಿಂಗ್ ಚಕ್ರಕ್ಕೆ ತೆಳು ಪಟ್ಟಿಯನ್ನು ಬರಿಗೈಯಲ್ಲಿ ಹಿಡಿಯಲು ಅವರು ಒಪ್ಪಲಿಲ್ಲ. ಚಕ್ರ ಅಂಚನ್ನು ಕಚ್ಚಿದರೆ ಪಟ್ಟಿ ಸುರುಳಿಯಾಗಿ ಕೈ ಕೊಯ್ಯುತ್ತದೆ. ಮರದ ರೀಪಿಗೆ ಉದ್ದಕ್ಕೂ ಕಟ್ಟಿ ಹಿಡಿದರು. ಬಾಗಿದ ಮೂಲೆ ಸರಿ ಮಾಡಲು ಬಹಳ ಹೊತ್ತು ತೆಗೆದುಕೊಂಡರು, ಮತ್ತೆ ಮತ್ತೆ ಗ್ಲಾಸಿನ ಮೂಲೆಗೆ ಹಿಡಿದು ನೋಡುತ್ತಾ. ಕೂರಿಸುವಾಗ ಬಗ್ಗಿಸಿ ಹೊಂದಿಸಿಕೊಳ್ಳೋಣ ಅನ್ನುವ ಮಾತೇ ಇಲ್ಲ ಅವರಲ್ಲಿ. ಪಟ್ಟಿ ಕೈಯಲ್ಲಿದ್ದಾಗಲೇ ಗ್ಲಾಸಿನ ಆಕಾರಕ್ಕೆ ಬಂದಿರಬೇಕು.

"ಇದು ಲಾರಿ ಗ್ಲಾಸೇ"

ಪಟ್ಟಿ ಸಿದ್ಧ, ರಬ್ಬರು ಬಂದಿದೆ, ಕೂರಿಸುವವರು ಯಾರು? ಕಾರ್ ಗ್ಲಾಸಿನ ಅಂಗಡಿಗಳಿಗೆ ಹೋದೆ. ಒಳ್ಳೆ ಹುಡುಗರು, ಅಂಟಿನ ಕೆಲಸದಲ್ಲಿ ಕೈ ಪಳಗಿದವರು. ರಬ್ಬರ್ ಗಾಡಿ ಅಂದ ಕೂಡಲೇ ಬೇಡ ಸರ್ ಅಂದರು. ಅವರು ಕೆಲಸ ಕಲಿಯುವ ಹೊತ್ತಿಗೆ ಅಂಥ ಕಾರುಗಳೇ ರಸ್ತೆಯಲ್ಲಿ ಇರಲಿಲ್ಲ. ಅವರಲ್ಲೇ ಒಬ್ಬ ಹೇಳಿದ, "ಲಾರಿ ಗ್ಲಾಸ್ ಹಾಕ್ತಾರಲ್ಲ, ಅವರನ್ನ ಕೇಳಿ ನೋಡ್ರಿ."

ಇದು ನನಗೆ ಹೊಳೆದೇ ಇರಲಿಲ್ಲ. ಆದರೆ ನಮ್ಮ ಸುತ್ತ ಓಡಾಡುವ ಲಾರಿಗಳನ್ನು, ಹಳೇ ಬಸ್ಸುಗಳನ್ನು ನೋಡಿ. ಎಷ್ಟೋ ಗಾಡಿಗಳಲ್ಲಿ ಇವತ್ತಿಗೂ ಮುಂದಿನ ಗ್ಲಾಸು ರಬ್ಬರಿನಲ್ಲೇ ಕೂತಿದೆ. ಕಲ್ಲು ಸಿಡಿದು ಗ್ಲಾಸು ಹೋದರೆ ರಸ್ತೆ ಬದಿಯಲ್ಲೇ ರಬ್ಬರು ಬಿಚ್ಚಿ ಬೇರೆ ಗ್ಲಾಸು ಹಾಕಿ ಹೊರಡಬೇಕು, ಅಂಟು ಒಣಗುವ ತನಕ ಕಾಯಲು ಲೋಡ್ ಇರುವ ಲಾರಿಗೆ ಪುರುಸೊತ್ತಿಲ್ಲ. ಹಾಗಾಗಿ ಕಾರುಗಳಿಂದ ಮರೆಯಾದ ಕೆಲಸ ಇಲ್ಲಿ ಉಳಿದುಕೊಂಡಿದೆ. ಯಾರೂ ಅದನ್ನು ಉಳಿಸಿಕೊಳ್ಳಲು ಹೊರಟಿದ್ದಲ್ಲ. ಬೇಕಾಗಿತ್ತು, ಉಳಿಯಿತು.

ಲಾರಿ ಗ್ಯಾರೇಜಿನಲ್ಲಿ ಗ್ಲಾಸ್ ಕೆಲಸ ಮಾಡುವವರನ್ನು ಎಲ್ಲರೂ ಚಾಚಾ ಅಂತಾರೆ. ನಾನೂ ಹಾಗೇ ಕರೆದೆ. ಅರವತ್ತು ದಾಟಿದೆ. ಫಿಯಟ್ ಸುತ್ತ ಒಂದು ಸುತ್ತು ಬಂದರು. ರಬ್ಬರನ್ನು ಕೈಯಲ್ಲಿ ಹಿಡಿದು ಸೀಳು ಬಿಡಿಸಿ ನೋಡಿದರು. "ಇದು ಲಾರಿ ಗ್ಲಾಸೇ ಸರ್. ಸಣ್ಣದು ಅಷ್ಟೇ" ಅಂದರು.

ಬೆಂಗಳೂರಿನವರ ಮಾತು ನನಗೆ ಆಗ ನೆನಪಾಯಿತು. ಆ ಕೆಲಸ ಗೊತ್ತಿರೋರೇ ಇಲ್ಲ ಅಂದಿದ್ದರು. ಗೊತ್ತಿರುವವರು ಇದ್ದರು, ಹಳೇ ಕಾರಿನ ಕೆಲಸ ಅನ್ನುವ ಹೆಸರಿನಲ್ಲಿ ಇರಲಿಲ್ಲ ಅಷ್ಟೇ. ಹಳೇ ಕಾರಿನ ಪ್ರೀತಿ ಇರುವ ನಾವು ಪರಸ್ಪರ ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತೇವೆ, ನಮ್ಮಂಥವರಿಗೆ ಕೆಲಸ ಮಾಡುವವರನ್ನು ಕೇಳುತ್ತೇವೆ. ಆ ಬಳಗದಲ್ಲಿ ಸಿಗದಿದ್ದರೆ ಆ ವಿದ್ಯೆಯೇ ಹೋಯಿತು ಅಂತ ತೀರ್ಮಾನಕ್ಕೆ ಬರುತ್ತೇವೆ. ಚಾಚಾ ನಮ್ಮ ಮನೆಯಿಂದ ಆಟೋದಲ್ಲಿ ಹೋಗುವಷ್ಟು ಹತ್ತಿರ ಇದ್ದರು. ಅವರಿಗೆ ಅದು ದಿನದ ಕೂಲಿ ಕೆಲಸ. ಅವರ ಹೆಸರು ಯಾವ ಪಟ್ಟಿಯಲ್ಲೂ ಇಲ್ಲ.

ಕೂರಿಸಿದ್ದು

ಬೇಸಿಗೆಯಲ್ಲೇ ಮಾಡೋಣ ಅಂದಿದ್ದರು ಚಾಚಾ. ದಾವಣಗೆರೆಯ ಏಪ್ರಿಲ್ ಬಿಸಿಲು ಗೊತ್ತಲ್ಲ. ರಬ್ಬರನ್ನು ಬೆಳಿಗ್ಗೆಯೇ ಒಂದು ಗೋಣಿಚೀಲದ ಮೇಲೆ ಬಿಸಿಲಿಗೆ ಹಾಸಿದರು. ಪೊಟ್ಟಣದಲ್ಲಿ ಮಡಚಿಕೊಂಡು ಬಂದ ರಬ್ಬರು ಬಿಸಿಗೆ ಮೆತ್ತಗಾಗಿ ತನ್ನ ಉದ್ದಕ್ಕೆ, ತನ್ನ ಆಕಾರಕ್ಕೆ ಬರುತ್ತದೆ. ಆಮೇಲೆ ಗ್ಲಾಸನ್ನು ಬಟ್ಟೆ ಹಾಸಿದ ಬೆಂಚಿನ ಮೇಲೆ ಮಲಗಿಸಿ ರಬ್ಬರು ತೊಡಿಸಲು ಶುರು ಮಾಡಿದರು. ನಾನು ಸಹಾಯ ಮಾಡಲು ಒಂದು ಕಡೆ ಹಿಡಿದೆ. ಅವರ ಜೊತೆ ಕೆಲಸ ಮಾಡುವ ಹುಡುಗ ಇನ್ನೊಂದು ತುದಿ ಹಿಡಿದು ಎಳೆಯುತ್ತಿದ್ದ.

"ಎಳಿಬ್ಯಾಡಲೇ" ಅಂದರು ಚಾಚಾ. "ಎಳೆದ್ರೆ ಇವತ್ತು ಕುಂದರ್ತೈತೆ. ನಾಳೆ ತನ್ನ ಜಾಗಕ್ಕೆ ಹೋಗ್ತೈತೆ. ದೂಡು. ದೂಡ್ತಾ ದೂಡ್ತಾ ಬಾ."

ಇದನ್ನು ಆಮೇಲೆ ಬಿಡಿಸಿ ಕೇಳಿದೆ. ರಬ್ಬರನ್ನು ಸ್ವಲ್ಪ ಎಳೆದು ಹಾಕಿದರೆ ಗ್ಲಾಸಿನ ಸುತ್ತ ಬಿಗಿಯಾಗಿ ಚಂದ ಕಾಣುತ್ತದೆ. ಆದರೆ ಎಳೆದ ರಬ್ಬರು ಸುಮ್ನೆ ಇರುವುದಿಲ್ಲ. ಬಿಸಿಲು, ತಂಪು, ಗಾಡಿಯ ಅಲುಗಾಟ, ಇದೆಲ್ಲದರ ನಡುವೆ ಮೆಲ್ಲಗೆ ತನ್ನ ಮೊದಲಿನ ಉದ್ದಕ್ಕೆ ಕುಗ್ಗುತ್ತದೆ. ಕುಗ್ಗುವಾಗ ಮೂಲೆಗಳಿಂದ ಒಳಕ್ಕೆ ಜರುಗುತ್ತದೆ, ಜೋಡಿಸಿದ ಕಡೆ ಬಾಯಿ ಬಿಡುತ್ತದೆ. ಲಾರಿಯ ರಬ್ಬರಿನ ಸೀಳಿಗೆ ತುಂಬುವ ಫಿಲ್ಲರ್ ಪಟ್ಟಿಯಲ್ಲೂ ಇದೇ ಆಗುತ್ತದೆ. ಕೂರಿಸಿದ ದಿನ ಎರಡು ತುದಿಗಳೂ ಮುಟ್ಟಿಕೊಂಡಿರುತ್ತವೆ, ತಿಂಗಳು ಬಿಟ್ಟು ನೋಡಿದರೆ ನಡುವೆ ಬೆರಳು ತೂರುವಷ್ಟು ಸಂದು. ಅದಕ್ಕೇ ಚಾಚಾ ಫಿಲ್ಲರನ್ನು ಸ್ವಲ್ಪ ಉದ್ದ ಬಿಟ್ಟೇ ಕತ್ತರಿಸುತ್ತಾರೆ, ತುದಿಗಳನ್ನು ಒಂದಕ್ಕೊಂದು ಒತ್ತಿ ಕೂರಿಸುತ್ತಾರೆ. ಕೆಲಸ ಚೆನ್ನಾಗಿ ಆಗಿದೆಯೋ ಇಲ್ಲವೋ ಅಂತ ಆವತ್ತೇ ಹೇಳಲು ಬರುವುದಿಲ್ಲ ಅನ್ನುವುದು ನನಗೆ ಬಹಳ ಹಿಡಿಸಿತು. ಬೇಗ ಮುಗಿಸಿದವರ ಕೆಲಸವೂ ನಿಧಾನಕ್ಕೆ ಮಾಡಿದವರ ಕೆಲಸವೂ ಸಂಜೆ ದುಡ್ಡು ಕೊಡುವ ಹೊತ್ತಿಗೆ ಒಂದೇ ಥರ ಹೊಳೆಯುತ್ತದೆ.

ಗ್ಲಾಸಿಗೆ ರಬ್ಬರು ತೊಡಿಸಿದ ಮೇಲೆ, ಬಾಡಿಯ ಅಂಚು ಕೂರುವ ಕಾಲುವೆಯೊಳಗೆ ನೈಲಾನ್ ಹಗ್ಗ ಹಾಕಿದರು, ಲಂಗಕ್ಕೆ ಲಾಡಿ ಪೋಣಿಸುವ ಹಾಗೆ ಸುತ್ತಲೂ. ತುದಿಗಳು ಕೆಳಗೆ ನಡುವಿನಲ್ಲಿ ಒಂದರ ಮೇಲೊಂದು ಬಂದು ಒಳಗೆ ಇಳಿಬಿದ್ದಿರಬೇಕು. ಹಗ್ಗ ತೀರ ತೆಳು ಇರಬಾರದು, ರಬ್ಬರನ್ನು ಕೊಯ್ಯುತ್ತದೆ. ಜಾರಲು ಸೋಪಿನ ನೀರು. ಗ್ರೀಸು, ಇಂಜಿನ್ ಆಯಿಲ್ ಮುಟ್ಟಿಸಬಾರದು, ಎಣ್ಣೆ ಕುಡಿದ ರಬ್ಬರು ಉಬ್ಬಿ ಕೆಡುತ್ತದೆ. ಇಬ್ಬರು ಗ್ಲಾಸನ್ನು ಎತ್ತಿ ಹೊರಗಿನಿಂದ ಕಿಂಡಿಗೆ ಹಿಡಿದರು. ಚಾಚಾ ಒಳಗೆ ಕೂತರು. ಹಗ್ಗದ ತುದಿಯನ್ನು ಗ್ಲಾಸಿಗೆ ಸಮನಾಗಿ, ಗ್ಲಾಸಿನ ನಡುವಿನ ಕಡೆಗೆ ಮೆಲ್ಲಗೆ ಎಳೆಯುತ್ತಾ ಬಂದರು. ಹಗ್ಗ ಹೊರಗೆ ಬರುತ್ತಿದ್ದ ಹಾಗೆ ರಬ್ಬರಿನ ತುಟಿ ತಗಡಿನ ಅಂಚನ್ನು ದಾಟಿ ಒಳಗೆ ಬಂದು ಮಗುಚಿಕೊಳ್ಳುತ್ತಿತ್ತು. ಹೊರಗೆ ನಿಂತವನ ಕೆಲಸ, ಹಗ್ಗ ಎಲ್ಲಿ ಬರುತ್ತಿದೆಯೋ ಸರಿಯಾಗಿ ಅಲ್ಲೇ ಅಂಗೈಯಿಂದ ಒತ್ತುವುದು. ಮುಷ್ಟಿಯಿಂದ ಗುದ್ದುವ ಹಾಗಿಲ್ಲ. ನಾವು ಹಾಕಿದ್ದು ಲ್ಯಾಮಿನೇಟೆಡ್ ಗ್ಲಾಸು. ಎರಡು ಗಾಜಿನ ನಡುವೆ ಪ್ಲಾಸ್ಟಿಕ್ ಪದರ ಇರುವುದು. 1990ರ ದಶಕದಲ್ಲಿ ಹೊಸ ಗಾಡಿಗಳ ಮುಂದಿನ ಗ್ಲಾಸಿಗೆ ಇದು ಕಡ್ಡಾಯ ಆಯಿತು. ಒಡೆದರೂ ಉದುರುವುದಿಲ್ಲ, ಹಾಗಾಗಿ ಹಳೇ ಗಾಡಿಗೂ ಇದನ್ನೇ ಹಾಕಿಸುವುದು ಒಳ್ಳೆಯದು. ಆದರೆ ಒಂದೇ ಬಿಂದುವಿನಲ್ಲಿ ಒತ್ತಡ ಬಿದ್ದರೆ ಅಂಚಿನಿಂದ ಕೂದಲಿನಂಥ ಬಿರುಕು ಓಡುತ್ತದೆ. ಎಡಗಡೆ ಮೂಲೆಗೆ ಬಂದಾಗ ಎಲ್ಲರೂ ಮಾತು ನಿಲ್ಲಿಸಿದೆವು. ಹೊಸ ತಗಡಿನ ಅಂಚನ್ನು ರಬ್ಬರು ಒಂದೇ ಸಲಕ್ಕೆ ನುಂಗಿಕೊಂಡಿತು.

ಸ್ಟೀಲ್ ಪಟ್ಟಿಯನ್ನು ಆವತ್ತು ಹಾಕಲಿಲ್ಲ. ನಾನು ಕೇಳಿದೆ. "ರಬ್ಬರು ಕುಂದರ್ಲಿ ಸರ್. ಗಾಡಿ ಬಿಸಿಲಾಗೆ ನಿಲ್ಲಸ್ರಿ, ಸ್ವಲ್ಪ ಓಡಸ್ರಿ, ಆಮೇಲೆ ಬರ್ರಿ" ಅಂದರು. ಎಲ್ಲ ಗಾಡಿಗೂ ಈ ಕ್ರಮ ನಡೆಯುವುದಿಲ್ಲ. ಹಳೇ ಫೋಕ್ಸ್‌ವ್ಯಾಗನ್ ಬೀಟಲ್‌ನಲ್ಲಿ ಪಟ್ಟಿಯನ್ನು ಮೊದಲೇ ರಬ್ಬರಿಗೆ ಸೇರಿಸಿ ಆಮೇಲೆ ಗ್ಲಾಸು ಕೂರಿಸಬೇಕು. ನಮಗೆ ಸಿಕ್ಕ ರಬ್ಬರಿನ ಸೀಳು ಹೊರಗಿನಿಂದ ತೆರೆದುಕೊಳ್ಳುವಂಥದ್ದು, ಹಾಗಾಗಿ ಕಾಯಬಹುದಿತ್ತು.

ರಬ್ಬರು ಹದಕ್ಕೆ ಬಂದ ಮೇಲೆ ಮತ್ತೆ ಹೋದಾಗ ನೋಡಿದ್ದು ನನಗೆ ಅತಿ ಇಷ್ಟವಾದ ಭಾಗ. ಚಾಚಾ ಬೀಡಿಂಗ್ ಸೀಳಿನೊಳಗೂ ಒಂದು ಹಗ್ಗ ಹಾಕಿದರು. ಸೋಪಿನ ನೀರು ಬಿಟ್ಟರು. ಪಟ್ಟಿಯನ್ನು ಮೇಲಿನ ನಡುವಿನಿಂದ ಹೊಂದಿಸಿ ಇಟ್ಟು, ಒಂದು ಕೈಯಲ್ಲಿ ಅದನ್ನು ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಹಗ್ಗ ಎಳೆಯುತ್ತಾ ಹೋದರು. ಹಗ್ಗ ತುಟಿಯನ್ನು ತೆರೆಯುತ್ತದೆ, ತೆರೆದ ಜಾಗಕ್ಕೆ ಪಟ್ಟಿ ಇಳಿಯುತ್ತದೆ, ತುಟಿ ಮುಚ್ಚಿಕೊಳ್ಳುತ್ತದೆ. ಹಟಮಾರಿ ಜಾಗಗಳಿಗೆ ಅವರದೇ ಒಂದು ಹತಾರ. ಮರದ ಹಿಡಿಕೆಗೆ ತಂತಿ ಬಗ್ಗಿಸಿ ಕಣ್ಣು ಮಾಡಿದ್ದು, ತುದಿಯನ್ನು ಉಜ್ಜಿ ಉಜ್ಜಿ ನುಣುಪು ಮಾಡಿದ್ದು. ಲಾರಿಯ ಫಿಲ್ಲರ್ ಪಟ್ಟಿ ಹಾಕುವ ಹತಾರ ಅದು. ಸ್ಕ್ರೂ ಡ್ರೈವರ್ ಅವರ ಪೆಟ್ಟಿಗೆಯಿಂದ ಹೊರಗೇ ಬರಲಿಲ್ಲ. ಮೂಲೆಗಳಲ್ಲಿ ಪಟ್ಟಿಯನ್ನು ಬಗ್ಗಿಸಲಿಲ್ಲ, ರಬ್ಬರನ್ನು ಪಟ್ಟಿಯ ಹತ್ತಿರಕ್ಕೆ ತಂದರು. ಹರಿಹರದ ಹಿರಿಯರು ಮೂಲೆಯ ಮೇಲೆ ಅಷ್ಟು ಹೊತ್ತು ಕಳೆದದ್ದು ಯಾಕೆ ಅಂತ ಅಲ್ಲಿ ಕಂಡಿತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದವರಲ್ಲ. ಒಬ್ಬರು ಬಿಟ್ಟ ಕಡೆಯಿಂದ ಇನ್ನೊಬ್ಬರು ಶುರು ಮಾಡಿದ ಹಾಗಿತ್ತು. ಕೊನೆಗೆ ಕ್ಲಿಪ್ಪು. ಅದನ್ನು ಪಟ್ಟಿಗೆ ಮೊದಲೇ ತೂರಿಸಿಟ್ಟುಕೊಂಡಿರಬೇಕು, ಎರಡೂ ತುದಿ ಕೂತ ಮೇಲೆ ಜೋಡಿನ ಮೇಲೆ ಜಾರಿಸಬೇಕು.

ನೀರು, ಆಮೇಲೆ ಗಾಳಿ

ನೀರಿನ ಪರೀಕ್ಷೆಗೂ ಒಂದು ಕ್ರಮ ಇದೆ. ಪೈಪಿನಲ್ಲಿ ಜೋರಾಗಿ ಮೇಲಿಂದ ಹೊಡೆದರೆ ನೀರು ಎಲ್ಲಿಂದ ಬಂತು ಅಂತ ಗೊತ್ತಾಗುವುದಿಲ್ಲ. ಸಣ್ಣಗೆ ಬಿಡಬೇಕು, ಕೆಳಗಿನ ಅಂಚಿನಿಂದ ಶುರು ಮಾಡಿ ಮೇಲಕ್ಕೆ ಹೋಗಬೇಕು, ಒಳಗೊಬ್ಬರು ಟಾರ್ಚ್ ಹಿಡಿದು ಕೂರಬೇಕು. ಒಳಗೆ ಕೂತವರು ದೊಡ್ಡಮ್ಮ. ನಾನು ಬೇಡ ಅಂದರೂ ಕೇಳಲಿಲ್ಲ, ತಮ್ಮ ಮೂಲೆ ತಾವೇ ನೋಡುತ್ತೇನೆ ಅಂದರು. ಎಷ್ಟೋ ಹೊತ್ತು ನೀರು ಬಿಟ್ಟೆ. ಕೈಯಿಂದ ಮುಟ್ಟಿ ಮುಟ್ಟಿ ನೋಡಿ, "ಒಣಗೈತಲೋ" ಅಂದರು. ಆಮೇಲೆ, "ನಿಮ್ಮ ದೊಡ್ಡಪ್ಪ ರಬ್ಬರು ಅಂತ ಹೇಳ್ತಾನೇ ಇದ್ರು ನೋಡು" ಅಂತ ಇನ್ನೊಂದು ಮಾತು.

ಗಾಳಿಯ ಪರೀಕ್ಷೆಗೆ ಹೆದ್ದಾರಿ ಬೇಕು. ಚಿತ್ರದುರ್ಗ ನಮಗೆ ಸುಮಾರು ಅರವತ್ತು ಕಿಲೋಮೀಟರ್. ಅಲ್ಲಿನ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸುಮ್ನೆ ನಿಲ್ಲಿಸಿಲ್ಲ. ಆಷಾಢದ ಗಾಳಿಗೆ ಎದುರು ಓಡಿಸಿದರೆ ಬೀಡಿಂಗಿನ ಯಾವ ಸಂದೂ ಬಚ್ಚಿಟ್ಟುಕೊಳ್ಳಲಾರದು, ಸಿಳ್ಳೆ ಹೊಡೆಯುತ್ತದೆ. ಸಿಳ್ಳೆ ಎಲ್ಲಿಂದ ಅಂತ ಹುಡುಕಲು ಪೇಂಟರ್ ಬಳಸುವ ಮಾಸ್ಕಿಂಗ್ ಟೇಪ್ ಒಳ್ಳೆಯ ಉಪಾಯ. ಪಟ್ಟಿಯ ಸುತ್ತಲೂ ಅಂಟಿಸಿ ಓಡಿಸಿ, ಸದ್ದು ನಿಂತರೆ ಒಂದೊಂದೇ ತುಂಡು ಕಿತ್ತು ಮತ್ತೆ ಓಡಿಸಿ. ನಮ್ಮದರಲ್ಲಿ ಮೇಲಿನ ಕ್ಲಿಪ್ಪಿನ ಹತ್ತಿರ ಸಣ್ಣ ಸದ್ದು ಇತ್ತು. ಕ್ಲಿಪ್ಪಿನ ಕೆಳಗೆ ಒಂದು ಚಿಟಿಕೆ ಸೀಲಂಟ್ ಇಟ್ಟ ಮೇಲೆ ಹೋಯಿತು.

ಯಾರು ಮುಂದೆ

2021ರಲ್ಲಿ ಕೇಂದ್ರದ ಹೊಸ ನಿಯಮ ಬಂತು. ಐವತ್ತು ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದ ಗಾಡಿಗಳನ್ನು ವಿಂಟೇಜ್ ಅಂತ ನೋಂದಾಯಿಸಬಹುದು, ನಂಬರಿನಲ್ಲಿ ವಿಎ ಅಕ್ಷರ ಬರುತ್ತದೆ, ಶುಲ್ಕ 20,000 ರೂಪಾಯಿ. ಆದರೆ ಅಂಥ ಗಾಡಿಯನ್ನು ಮಾಮೂಲಿ ಓಡಾಟಕ್ಕೆ ಬಳಸುವ ಹಾಗಿಲ್ಲ. ನಮಗೆ ಓಡಿಸಬೇಕು, ಹಾಗಾಗಿ ಮಾಮೂಲಿ ಆರ್‌ಸಿಯನ್ನೇ ನವೀಕರಿಸಿಕೊಂಡಿದ್ದೇವೆ. ಗಾಡಿಗೆ ಮಾನ್ಯತೆ ಕೊಡುವ ನಿಯಮ ಬಂದದ್ದು ಒಳ್ಳೆಯದೇ. ಅದನ್ನು ಮೂಲ ರೂಪದಲ್ಲಿ ಇಡುವ ಕೈಗಳ ಬಗ್ಗೆ ಯಾವ ಕಾಗದದಲ್ಲೂ ಒಂದು ಸಾಲು ಇಲ್ಲ. 2023ರ ಅಕ್ಟೋಬರ್ ಕೊನೆಗೆ ಮುಂಬೈನಲ್ಲಿ ಪದ್ಮಿನಿ ಟ್ಯಾಕ್ಸಿಗಳು ರಸ್ತೆ ಬಿಟ್ಟಾಗ ಎಷ್ಟೊಂದು ಜನ ಫೋಟೋ ಹಾಕಿ ಬೇಸರ ಮಾಡಿಕೊಂಡರು. ನನಗೂ ಬೇಸರ ಆಗಿತ್ತು. ಈಗ ಯೋಚಿಸಿದರೆ ಆ ಟ್ಯಾಕ್ಸಿಗಳ ಗ್ಲಾಸು ಕೂರಿಸುತ್ತಿದ್ದವರು ಈಗ ಏನು ಮಾಡುತ್ತಿರಬಹುದು ಅನ್ನುವ ಪ್ರಶ್ನೆ ಹೆಚ್ಚು ಕಾಡುತ್ತದೆ.

ಲಾರಿಗಳೂ ಬದಲಾಗುತ್ತಿವೆ. ಹೊಸ ಕ್ಯಾಬಿನ್ ಲಾರಿಗಳಲ್ಲಿ, ದೊಡ್ಡ ಎಸಿ ಬಸ್ಸುಗಳಲ್ಲಿ ಅಂಟಿಸಿದ ಗ್ಲಾಸು ಬಂದಿದೆ. ಚಾಚಾನ ಜೊತೆ ಇರುವ ಹುಡುಗ ಅಂಟಿನ ಕೆಲಸವನ್ನೂ ಕಲಿಯುತ್ತಿದ್ದಾನೆ, ಅದು ಸರಿಯೇ. ಹೊಟ್ಟೆಪಾಡು ಅದರಲ್ಲೇ ಇದೆ. ಹಳೇ ಗಾಡಿ ಇರುವ ನಾವು ಈ ಕೆಲಸವನ್ನು ಅವನಿಗೆ ಆಗಾಗ ಕೊಡುತ್ತಿದ್ದರೆ, ಬೆಂಗಳೂರಿನಲ್ಲಿ ಕೊಡುವ ದುಡ್ಡಿನ ಅರ್ಧವನ್ನಾದರೂ ಸಂತೋಷದಿಂದ ಕೊಟ್ಟರೆ, ಅವನ ಕೈಯಲ್ಲಿ ಇದೂ ಉಳಿಯುತ್ತದೆ ಅಂತ ನನ್ನ ಆಸೆ. ದಾವಣಗೆರೆ, ಚಿತ್ರದುರ್ಗ, ಹರಿಹರದ ಸುತ್ತ ಅಂಬಾಸಿಡರ್, ಫಿಯಟ್ ಇಟ್ಟುಕೊಂಡವರು ಎಷ್ಟೋ ಜನ ಇದ್ದೀರಿ. ಗ್ಲಾಸಿನ ಕೆಲಸಕ್ಕೆ ಮೊದಲು ನಿಮ್ಮೂರಿನ ಲಾರಿ ಗ್ಯಾರೇಜಿಗೆ ಹೋಗಿ ಕೇಳಿ.

ನಮ್ಮ ಗಾಡಿಯ ಹಿಂದಿನ ಗ್ಲಾಸು ಇನ್ನೂ ಬಾಕಿ ಇದೆ. ಹಿಂದಿನ ರಬ್ಬರು ಗಟ್ಟಿಯಾಗಿ ಬಿರುಕು ಬಿಟ್ಟಿದೆ, ಬೀಡಿಂಗಿನ ಬಲಗಡೆ ತುಂಡು ಇಲ್ಲವೇ ಇಲ್ಲ. ಯಾರ ಮನೆಯ ಅಟ್ಟದ ಮೇಲಾದರೂ ಫಿಯಟ್ ಡಿಲೈಟಿನ ಹಿಂದಿನ ಸ್ಟೀಲ್ ಪಟ್ಟಿ ಬಿದ್ದಿದ್ದರೆ ಹೇಳಿ, ಡೆಂಟು ಇದ್ದರೂ ಪರವಾಗಿಲ್ಲ. ಸೊಟ್ಟ ಮೂಲೆ ಸರಿ ಮಾಡುವವರು ಹರಿಹರದಲ್ಲಿ ಇದ್ದಾರೆ. ಈ ಸಲ ಹಗ್ಗ ಎಳೆಯುವುದು ಆ ಹುಡುಗನೇ ಅಂತ ಚಾಚಾ ಆಗಲೇ ಹೇಳಿಬಿಟ್ಟಿದ್ದಾರೆ.